ಊರೇನೋ ಕ್ಷಮಿಸಿತು, ಅವಳನ್ನು ಕೇಳಿದವರು ಯಾರು?

ಕ್ರಿಸ್‌ಮಸ್ ರಜೆಯಲ್ಲಿ ಈ ಸಲ ನಾಲ್ಕು ಕಾದಂಬರಿಗಳನ್ನು ಓದಿ ಮುಗಿಸಿದೆ. ನಾಲ್ಕೂ ಅಮೆರಿಕದ ಸಣ್ಣ ಊರುಗಳ ಕಥೆಗಳು. ನಾಲ್ಕರಲ್ಲೂ ಹಿಮ ಬೀಳುತ್ತದೆ, ನಾಲ್ಕರಲ್ಲೂ ಹಿಂದೊಮ್ಮೆ ಬಿಟ್ಟುಹೋದ ಪ್ರಿಯಕರ ಹಳೆಯ ಟ್ರಕ್ಕಿನಲ್ಲಿ ಮರಳಿ ಬರುತ್ತಾನೆ. ಅಜ್ಜಿಯ ಮನೆಯನ್ನು ಮಾರಿ ಹೊಸ ವರ್ಷಕ್ಕೆ ಮುಂಚೆ ಹೊರಟುಬಿಡಬೇಕೆಂಬುದು ಅವನ ಲೆಕ್ಕ. ಅವನು ಹೊರಡುವುದಿಲ್ಲವೆಂಬುದು ನಮಗೆ ಮೊದಲ ಪುಟದಲ್ಲೇ ಗೊತ್ತು. ಗೊತ್ತಿದ್ದೂ ಓದುತ್ತೇವೆ. ನನಗಂತೂ ಅದರಲ್ಲಿ ಸಂಕೋಚವಿಲ್ಲ.

ಇಂಥ ಕ್ರೈಸ್ತ ಪ್ರೇಮಕಥೆಗಳೆಂದರೆ ಮೂಗು ಮುರಿಯುವವರು ಬಹಳ. ಮಲಗುವ ಕೋಣೆಯ ಬಾಗಿಲು ತೆರೆಯುವುದಿಲ್ಲ, ಬೈಗುಳವಿಲ್ಲ, ಮೊದಲ ಮುತ್ತಿಗಾಗಿ ಕೊನೆಯ ಅಧ್ಯಾಯದವರೆಗೆ ಕಾಯಬೇಕು. ಆದರೂ ಓದುಗರು ಎಷ್ಟಿದ್ದಾರೆಂದರೆ, ಹಾರ್ಲೆಕ್ವಿನ್‌ನಂಥ ದೊಡ್ಡ ಪ್ರಕಾಶನವೇ 1997ರಲ್ಲಿ ಇವುಗಳಿಗೆಂದು ‘ಲವ್ ಇನ್‌ಸ್ಪೈರ್ಡ್’ ಎಂಬ ಮಾಲಿಕೆಯನ್ನು ಆರಂಭಿಸಿತು. ಈ ಕಟ್ಟುಪಾಡಿನ ಬಗ್ಗೆ ನನ್ನ ತಕರಾರಿಲ್ಲ. ಚರ್ಚಿನಲ್ಲಿ ಒಂದೇ ಹಾಡಿನ ಪುಸ್ತಕ ಹಿಡಿದು ನಿಂತ ಇಬ್ಬರ ನಡುವಿನ ಗೇಣು ಜಾಗದಲ್ಲೇ ಲೇಖಕಿ ಎಲ್ಲವನ್ನೂ ಹೇಳಬೇಕಾಗುತ್ತದೆ. ಬಲ್ಲವರ ಕೈಯಲ್ಲಿ ಆ ಗೇಣು ಸಾಕು.

ನನ್ನ ಜಗಳವಿರುವುದು ಕ್ಷಮೆಯ ವಿಷಯದಲ್ಲಿ. ಹತ್ತು ವರ್ಷಗಳ ಹಿಂದೆ ಒಂದು ಮಾತೂ ಹೇಳದೆ ಹೋದವನು ಪುಸ್ತಕದ ನಡುಭಾಗದಲ್ಲಿ ಖಾಲಿ ಚರ್ಚಿನಲ್ಲಿ ಒಬ್ಬನೇ ಮೊಣಕಾಲೂರುತ್ತಾನೆ. ಕಣ್ಣೀರು ಸುರಿಯುತ್ತದೆ, ಎದೆಯ ಭಾರ ಇಳಿಯುತ್ತದೆ. ಮರುದಿನ ಪಾದ್ರಿ ಹೆಗಲು ತಟ್ಟುತ್ತಾರೆ, ಪಕ್ಕದ ಮನೆಯ ಮುದುಕಿ ಪೈ ಮಾಡಿ ತರುತ್ತಾಳೆ. ಇನ್ನು ಉಳಿದವಳು ಅವನು ಬಿಟ್ಟುಹೋಗಿದ್ದ ನಾಯಕಿಯೊಬ್ಬಳೇ. ಅವಳು ತುಸು ಹಿಂಜರಿದರೆ ಸಾಕು, ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಬೇಡವೆಂದು ಇಡೀ ಊರೇ ಬುದ್ಧಿ ಹೇಳಲು ಸಾಲುಗಟ್ಟುತ್ತದೆ. ಅವನ ತಪ್ಪು ತೊಳೆದುಹೋಯಿತು, ಅವಳ ನೋವೇ ಈಗ ಪಾಪವಾಯಿತು!

ಇದು ಬೈಬಲ್ ಹೇಳುವ ಕ್ರಮವೂ ಅಲ್ಲ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಹೇಳುವುದು ಬೇರೆಯೇ: ಕಾಣಿಕೆ ತಂದಾಗ ನಿನ್ನ ಮೇಲೆ ಯಾರಿಗೋ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಬಳಿಗೆ ಹೋಗು. ನಮ್ಮ ನಾಯಕ ಮೊಣಕಾಲೂರುವ ಮೊದಲು ಅವಳ ಬೇಕರಿಯ ಬಾಗಿಲು ತಟ್ಟಬೇಕಿತ್ತು.

ಇಂಥ ಕಥೆಗಳಿಗೆಲ್ಲ ಮೂಲ ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ತಪ್ಪಿಹೋದ ಮಗನ ದೃಷ್ಟಾಂತವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಪಾಲು ಪಡೆದು ಹೋಗಿ ಎಲ್ಲವನ್ನೂ ಹಾಳುಮಾಡಿ ಮರಳಿದ ಕಿರಿಯ ಮಗನಿಗಾಗಿ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡುತ್ತಾನೆ, ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಹಾಗಾದರೆ ಅವಳು ಆ ಕಥೆಯಲ್ಲಿ ಯಾರು? ಕಾಯುತ್ತಿದ್ದ ತಂದೆಯಂತೂ ಅಲ್ಲ. ಹೊಲದಲ್ಲಿ ದುಡಿಯುತ್ತಿದ್ದ ಹಿರಿಯ ಮಗ ಅವಳು. ಊರಿನಲ್ಲೇ ಉಳಿದು ಕಾಯಿಲೆಯ ಅಪ್ಪನನ್ನು ನೋಡಿಕೊಂಡಳು, ಅಂಗಡಿಯ ಸಾಲ ತೀರಿಸಿದಳು, ಮಕ್ಕಳ ಕ್ರಿಸ್‌ಮಸ್ ನಾಟಕಕ್ಕೆ ವರ್ಷವರ್ಷವೂ ದೇವದೂತರ ರೆಕ್ಕೆ ಹೊಲಿದಳು. ಅವಳಿಗಾಗಿ ಯಾರೂ ಕೊಬ್ಬಿದ ಕರುವನ್ನು ಕೊಯ್ಯಲಿಲ್ಲ. ಹಿರಿಯ ಮಗ ಕೊನೆಗೆ ಒಳಗೆ ಹೋದನೋ ಇಲ್ಲವೋ ಎಂಬುದನ್ನು ಲೂಕ ಬರೆಯದೆ ಬಿಟ್ಟಿದ್ದಾನೆ. ಎಂಥ ಕಾದಂಬರಿಕಾರನಾಗುತ್ತಿದ್ದ!

ಎರಡನೆಯ ಅವಕಾಶ ಹೇಗಿರಬೇಕೆಂದು ಕಲಿಯಲು ಯೋಹಾನನ ಸುವಾರ್ತೆಯ ಬಳಿಗೆ ಹೋಗಬೇಕು. ಯೇಸುವನ್ನು ಬಂಧಿಸಿದ ರಾತ್ರಿ ಶಿಷ್ಯ ಪೇತ್ರನು ಅವನನ್ನು ಅರಿಯೆನೆಂದದ್ದು ಕೆಂಡದ ಬೆಂಕಿಯ ಪಕ್ಕದಲ್ಲಿ, ಚಳಿ ಕಾಯಿಸುತ್ತ ನಿಂತಾಗ. ಯೇಸುವಿನ ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಮತ್ತೆ ಕೆಂಡದ ಬೆಂಕಿ, ಅದರ ಮೇಲೆ ಮೀನು. ಗ್ರೀಕ್ ಮೂಲದಲ್ಲಿ ಆ ಬೆಂಕಿಯ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಅಲ್ಲಿ ಹಿಂದಿನದನ್ನು ಯಾರೂ ಮರೆತುಬಿಡು ಎನ್ನುವುದಿಲ್ಲ. ಮೂರು ಸಲ ಅಲ್ಲಗಳೆದವನನ್ನು ಯೇಸು ಮೂರು ಸಲ ಕೇಳುತ್ತಾನೆ, ನನ್ನನ್ನು ಪ್ರೀತಿಸುತ್ತೀಯಾ ಎಂದು. ಮೂರನೆಯ ಸಲ ಪೇತ್ರನಿಗೆ ನೋವಾಗುತ್ತದೆ. ಆಗಲೇಬೇಕಲ್ಲ!

ಓದಿದ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಇದು ಅರ್ಥವಾಗಿತ್ತು. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಆರಾಧನೆಗೆಂದು ಅವಳು ಚರ್ಚಿನ ಉಗ್ರಾಣದಲ್ಲಿ ಮೇಣದಬತ್ತಿ ಎಣಿಸುತ್ತಿರುತ್ತಾಳೆ. ಅವನು ಬಂದು ತಾನು ಮಾಡಿದ್ದನ್ನೆಲ್ಲ ನೆಪ ಹೇಳದೆ ಒಪ್ಪಿಕೊಳ್ಳುತ್ತಾನೆ. ಅವಳು ಹೇಳುವುದಿಷ್ಟೇ: ‘ನಿನ್ನಿಂದ ಲೆಕ್ಕ ತಪ್ಪಿತು.’ ಮತ್ತೆ ಒಂದರಿಂದ ಎಣಿಸತೊಡಗುತ್ತಾಳೆ. ಅವನು ನೆಲದ ಮೇಲೆ ಕುಳಿತು ಇನ್ನೊಂದು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ. ಮುತ್ತು ಇನ್ನೂ ನೂರು ಪುಟ ದೂರ.