ತಿದ್ದಿದ ಹೊಳೆಯನ್ನು ಹೊಳೆಯೇ ತಿದ್ದುತ್ತದೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಕಾವಲುಗಳಿಂದ, ಅಂದರೆ ದನಗಳ ಮೇವಿಗೆಂದು ಕಾದಿರಿಸಿದ ಹುಲ್ಲುನೆಲಗಳಿಂದ, ಇಳಿದು ಬರುವ ಹಳ್ಳಗಳಲ್ಲಿ ಹೂಳೆತ್ತುವ ಕೆಲಸ ನಡೆದ ಸುದ್ದಿಯನ್ನು ಡೆನ್ಮಾರ್ಕಿನಲ್ಲಿ ಕುಳಿತು ಓದುವಾಗಲೆಲ್ಲ ನನ್ನಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಜೆಸಿಬಿ ಹಿಂತಿರುಗಿದ ಮೇಲೆ ಆ ಹಳ್ಳ ಏನು ಮಾಡಿತೆಂಬುದನ್ನು ಯಾರು ನೋಡುತ್ತಾರೆ? ಉದ್ದ, ಅಗಲ, ಆಳಗಳನ್ನು ಅಳೆದು, ತೆಗೆದ ಮಣ್ಣಿನ ಲೆಕ್ಕ ಬರೆದು, ಬಿಲ್ಲು ಪಾಸಾದರೆ ನಮ್ಮಲ್ಲಿ ಕಾಮಗಾರಿ ಮುಗಿಯಿತು. ನಾನು ನೆಲೆಸಿರುವ ಪಶ್ಚಿಮ ಜಟ್ಲೆಂಡಿನಲ್ಲಿ ಹೊಳೆಯೊಂದಕ್ಕೆ ಹಳೆಯ ತಿರುವುಗಳನ್ನು ಮರಳಿಸಿದವರು, ಅಗೆತ ಮುಗಿದ ನಂತರವೂ ವರ್ಷಗಟ್ಟಲೆ ಅದರ ಪಾತ್ರವನ್ನು ಅಳೆಯುತ್ತಾ ಬಂದರು.

ಆ ಹೊಳೆಯ ಹೆಸರು ಸ್ಕ್ಯರ್ನ್. ನೀರಿನ ಪ್ರಮಾಣದಲ್ಲಿ ಡೆನ್ಮಾರ್ಕಿನ ಅತಿ ದೊಡ್ಡ ನದಿ. 1962ರಿಂದ 1968ರವರೆಗೆ ಅದರ ಕೆಳಭಾಗವನ್ನು ನೇರ ಕಾಲುವೆಯಾಗಿ ಮಾಡಿ, ಸುಮಾರು 4000 ಹೆಕ್ಟೇರ್ ಜೌಗು ಹುಲ್ಲುಗಾವಲನ್ನು ಬಸಿದು ಉಳುಮೆಗೆ ತಂದರು. ಬಸಿದ ನೆಲ ಗಾಳಿಗೆ ತೆರೆದುಕೊಂಡು ಕರಗುತ್ತಾ ಕುಸಿಯಿತು; ಮಣ್ಣಿನೊಳಗಿನ ಕಬ್ಬಿಣದ ಅಂಶ ಕೆಂಬಣ್ಣದ ಕೆಸರಾಗಿ ನೀರಿಗಿಳಿದು, ನದಿ ಸೇರುವ ರಿಂಗ್‌ಕ್ಯೊಬಿಂಗ್ ಹಿನ್ನೀರಿನವರೆಗೂ ಹರಿಯಿತು. 1987ರಲ್ಲಿ ಸಂಸತ್ತು ನದಿಯನ್ನು ಮತ್ತೆ ಸಹಜ ಸ್ಥಿತಿಗೆ ತರುವ ದಾರಿ ಹಿಡಿಯಿತಾದರೂ, ರೈತರಿಂದ ಜಮೀನು ಕೊಳ್ಳುವುದು, ಬದಲಿ ಜಮೀನು ಕೊಡುವುದು ಎಲ್ಲ ನಡೆದು ಕೆಲಸ ಶುರುವಾದದ್ದು 1999ರಲ್ಲಿ. 2002ರ ಹೊತ್ತಿಗೆ 19 ಕಿಲೋಮೀಟರಿನ ನೇರ ಕಾಲುವೆಯ ಜಾಗದಲ್ಲಿ 26 ಕಿಲೋಮೀಟರಿನ ಬಳುಕು ನದಿಯಿತ್ತು, ಸುತ್ತ 2200 ಹೆಕ್ಟೇರ್ ನೆಲ ಅದಕ್ಕೆ ಬಿಟ್ಟುಕೊಟ್ಟದ್ದಾಗಿತ್ತು.

ನನಗೆ ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಇಳಿತ ಅಷ್ಟೇ ಇದ್ದು ದಾರಿ ಉದ್ದವಾದಾಗ ನೀರಿನ ವೇಗ ತಗ್ಗುತ್ತದೆ, ಅದು ಹೊತ್ತು ತರುವ ಮರಳು ಅಲ್ಲಲ್ಲಿ ಕೂರುತ್ತದೆ. ಯಂತ್ರ ಅಗೆದ ಪಾತ್ರ ಎಲ್ಲ ಕಡೆ ಒಂದೇ ಅಳತೆಯದಾಗಿರುತ್ತದೆ, ದಡಗಳಲ್ಲಿ ಬೇರು ಹಿಡಿದ ಹುಲ್ಲಿರುವುದಿಲ್ಲ. ಹಾಗಾಗಿ ಮೊದಲ ಕೆಲವು ಪ್ರವಾಹಗಳಲ್ಲಿ ತಿರುವಿನ ಹೊರದಂಡೆ ಕುಸಿದು ಮಡುವಾಗುತ್ತದೆ, ಒಳದಂಡೆಯಲ್ಲಿ ಮರಳು ದಿಣ್ಣೆ ಕಟ್ಟುತ್ತದೆ, ಎರಡು ತಿರುವುಗಳ ನಡುವೆ ನೀರು ತೆಳುವಾಗಿ ಹರಡಿ ಓಡುತ್ತದೆ. ನೋಡುವವರಿಗೆ ಇದು ಕೆಲಸ ಕೆಟ್ಟಂತೆ ಕಾಣಬಹುದು. ನದಿ ತನಗೆ ಕೊಟ್ಟ ಆಕಾರವನ್ನು ತನ್ನ ನೀರು ಮತ್ತು ಮರಳಿಗೆ ಹೊಂದಿಸಿಕೊಳ್ಳುವುದು ಹೀಗೆಯೇ. ದಂಡೆಯ ಮೇಲೆ ಹುಲ್ಲು, ಜೊಂಡು ಬೇರೂರಿದಂತೆ ಕೊರೆತದ ವೇಗ ಇಳಿಯುತ್ತದೆ. ದಂಡೆ ಮೀರಿದ ಚಳಿಗಾಲದ ನೀರು ಹುಲ್ಲುಗಾವಲಿನ ಮೇಲೆ ನಿಂತು ಮೆಕ್ಕಲು ಬಿಟ್ಟುಹೋಗುತ್ತದೆ. ಸ್ಕ್ಯರ್ನಿನ ಬಾಯಲ್ಲಿ ಹೊಸ ಮುಖಜಭೂಮಿ ಬೆಳೆಯತೊಡಗಿದೆ; ಅಳಿವಿನಂಚಿಗೆ ಬಂದಿದ್ದ ಅದರ ಸಾಲ್ಮನ್ ಮೀನು ಚೇತರಿಸಿಕೊಂಡಿದೆ. ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿಯಲು ದನ ಮೇಯಬೇಕು, ಹುಲ್ಲು ಕೊಯ್ಯಬೇಕು, ಇಲ್ಲವಾದರೆ ವಿಲೋ ಪೊದೆ ಆವರಿಸುತ್ತದೆ ಎಂಬುದನ್ನೂ ಇಲ್ಲಿಯವರು ಬಲ್ಲರು. ಈ ಮಾತನ್ನು ಚಿತ್ರದುರ್ಗದ ಕಿಲಾರಿಗಳಿಗೆ, ಅಂದರೆ ದೇವರ ಎತ್ತು ಮೇಯಿಸುವವರಿಗೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಸ್ಕ್ಯರ್ನಿನ ಲೆಕ್ಕವನ್ನು ಹಾಗೆಯೇ ಎತ್ತಿಕೊಂಡು ಚಳ್ಳಕೆರೆಗೆ ತರಲಾಗದು. ಡೆನ್ಮಾರ್ಕಿನ ಈ ನದಿ ವರ್ಷವಿಡೀ ಹರಿಯುತ್ತದೆ, ಪ್ರತಿ ವರ್ಷವೂ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ನಮ್ಮ ಸೀಮೆಯ ಹಳ್ಳ ತಿಂಗಳುಗಟ್ಟಲೆ ಒಣಗಿದ್ದು, ಒಂದು ರಾತ್ರಿಯ ಮಳೆಯಲ್ಲಿ ವರ್ಷಗಳ ಕೆಲಸವನ್ನು ಮಾಡಿಬಿಡುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ ನಮ್ಮ ಜಿಲ್ಲೆಯ ವಾಣಿ ವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಇಂಥ ಸೀಮೆಯಲ್ಲಿ ಹಳ್ಳ ಹೊಂದಿಕೊಂಡಿತೇ ಎಂಬುದನ್ನು ವರ್ಷಗಳಿಂದ ಎಣಿಸುವುದಕ್ಕಿಂತ ಪ್ರವಾಹಗಳಿಂದ ಎಣಿಸುವುದೇ ಸರಿ ಎಂಬುದು ನನ್ನ ಅನಿಸಿಕೆ. ಮೂರು ಬರಗಾಲ ಕಳೆದ ಹಳ್ಳಕ್ಕೆ ಮೂರು ವರ್ಷ ವಯಸ್ಸಾಗಿರಬಹುದು, ಅದರ ಪಾತ್ರ ಮಾತ್ರ ಇನ್ನೂ ಅಗೆದ ದಿನದ್ದೇ.

ನಮಗೆ ಹೆಚ್ಚು ಹತ್ತಿರವಾದ ಉದಾಹರಣೆ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಗಳ ಹುಲ್ಲುಗಾವಲುಗಳಲ್ಲಿದೆ. ಅಲ್ಲಿ ಮಿತಿಮೀರಿದ ಮೇಯಿಸುವಿಕೆ ಮತ್ತು ರಸ್ತೆಗಳ ಕಾರಣದಿಂದ ತೊರೆಗಳು ಕೊರಕಲಾಗಿ ಆಳಕ್ಕಿಳಿದವು. ತೊರೆ ಇಳಿದಂತೆ ಸುತ್ತಲಿನ ಅಂತರ್ಜಲವೂ ಇಳಿದು, ಹುಲ್ಲಿದ್ದಲ್ಲಿ ಒಣನೆಲದ ಪೊದೆ ಬಂತು. ಅದನ್ನು ಸರಿಪಡಿಸಲು ಕೊರಕಲನ್ನು ಅಲ್ಲಲ್ಲಿ ಮಣ್ಣಿನಿಂದ ಮುಚ್ಚಿ, ನೀರನ್ನು ಮತ್ತೆ ಹುಲ್ಲುಗಾವಲಿನ ಮೇಲ್ಮೈಗೆ ತರುತ್ತಾರೆ. ಅಂಥ ಕೆಲಸಕ್ಕೂ ಅಪಾಯವಿರುವುದು ಕೆಳತುದಿಯಲ್ಲಿ: ಎತ್ತರಿಸಿದ ನೀರು ಹಳೆಯ ಆಳಕ್ಕೆ ಧುಮುಕುವ ಜಾಗ ದೊಡ್ಡ ಪ್ರವಾಹದಲ್ಲಿ ಕಿತ್ತುಹೋದರೆ, ಕೊರಕಲು ಹಿಮ್ಮುಖವಾಗಿ ಮೇಲಕ್ಕೆ ತಿನ್ನುತ್ತಾ ಬರುತ್ತದೆ.

ನಮ್ಮ ಕಾವಲುಗಳಲ್ಲಿ ಆಗುವುದೂ ಇದೇ. ಹಳ್ಳವನ್ನು ಆಳವಾಗಿ, ನೇರವಾಗಿ ತೋಡಿದಾಗ ನೀರು ಹುಲ್ಲಿನ ಮೇಲೆ ಹರಡದೆ ಬೇಗ ಓಡಿಹೋಗುತ್ತದೆ, ಅಕ್ಕಪಕ್ಕದ ನೆಲದ ತೇವ ಆ ತೋಡಿಗೇ ಬಸಿಯುತ್ತದೆ, ತೋಡಿನ ಮೇಲ್ತುದಿ ಪ್ರತಿ ಮಳೆಗೂ ಒಂದಿಷ್ಟು ಹಿಂದಕ್ಕೆ ಕುಸಿಯುತ್ತದೆ. ಕೆದಕಿದ ಮಣ್ಣಿನಲ್ಲಿ ಮೊದಲು ಬೇರುಬಿಡುವುದು ಬಳ್ಳಾರಿ ಜಾಲಿ. ಚೆಕ್‌ಡ್ಯಾಮು ಕಟ್ಟಿದಲ್ಲಿ ಹೂಳು ತುಂಬಿದ ಮೇಲೆ ನೀರು ಬದಿಯ ಮಣ್ಣನ್ನು ಕೊಚ್ಚಿಕೊಂಡು ಬೇರೆ ದಾರಿ ಮಾಡಿಕೊಳ್ಳುತ್ತದೆ. ಕಟ್ಟೆ ಒಂಟಿಯಾಗಿ ನಿಂತಿರುತ್ತದೆ. ಕೂಲಿಯವರು, ಎಂಜಿನಿಯರು ತಮಗೆ ಒಪ್ಪಿಸಿದ್ದನ್ನು ಮಾಡಿದ್ದಾರೆ. ಹಳ್ಳಕ್ಕೆ ಅಲುಗಾಡಲು ಜಾಗವನ್ನು ಅಂದಾಜುಪಟ್ಟಿಯಲ್ಲೇ ಬಿಟ್ಟಿರುವುದಿಲ್ಲ.

ಬೇಸರವಾಗುವುದು ಏಕೆಂದರೆ, ಡೆನ್ಮಾರ್ಕ್ ಹತ್ತಾರು ವರ್ಷ ಹೆಣಗಿ ಹಣ ಕೊಟ್ಟು ಪಡೆದ ಜಾಗ ನಮ್ಮ ಕಾವಲುಗಳಲ್ಲಿ ಉಳುಮೆ ಕಾಣದೆಯೇ ಇತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಟಿಪ್ಪುವಿನ ಅಮೃತಮಹಲ್‌ವರೆಗೆ ಅರಸರ ದನಗಳ ಇಲಾಖೆಗಳು ದನಗಳಿಗೆಂದು ಕಾಪಾಡಿಕೊಂಡು ಬಂದ ಹುಲ್ಲುನೆಲವದು. ಖುದಾಪುರ, ಉಳ್ಳಾರ್ತಿಗಳ ಬಳಿ ಸಾವಿರಾರು ಎಕರೆ ಈಗ ಸಂಶೋಧನಾ ಸಂಸ್ಥೆಗಳ ಗೋಡೆಯೊಳಗೆ ಸೇರಿದೆ. ಉಳಿದ ಕಾವಲುಗಳಲ್ಲಾದರೂ ಹಳ್ಳದ ಇಕ್ಕೆಲದಲ್ಲಿ ಪ್ರವಾಹ ಹರಡುವಷ್ಟು ಹರವನ್ನು ಗುರುತಿಸಿ, ಅಲ್ಲಿ ಏನನ್ನೂ ಕಟ್ಟದೆ, ತೋಡದೆ ಬಿಡಬೇಕು.

ಅಳತೆಗೆ ದೊಡ್ಡ ಉಪಕರಣವೇನೂ ಬೇಡ. ಹಳ್ಳಕ್ಕೆ ಅಡ್ಡಲಾಗಿ ಎರಡೂ ದಂಡೆಗಳಲ್ಲಿ ಕಲ್ಲು ನೆಟ್ಟು, ಪ್ರತಿ ದೊಡ್ಡ ಮಳೆಯ ನಂತರ ಅವುಗಳ ನಡುವೆ ಹಗ್ಗ ಬಿಗಿದು, ಹಗ್ಗದಿಂದ ತಳಕ್ಕಿರುವ ಆಳವನ್ನು ಗಜಕ್ಕೊಂದರಂತೆ ಬರೆದಿಟ್ಟರೆ ಪಾತ್ರ ಎತ್ತ ಸರಿಯುತ್ತಿದೆಯೆಂದು ತಿಳಿಯುತ್ತದೆ. ಹತ್ತಿರದ ಬಾವಿಯ ನೀರಿನ ಮಟ್ಟವನ್ನೂ ಅದೇ ಪುಸ್ತಕದಲ್ಲಿ ಬರೆಯಬಹುದು. ಕಾಮಗಾರಿಯ ಮೊತ್ತದಲ್ಲಿ ಒಂದು ಪಾಲನ್ನು ಮೊದಲ ಮೂರು ದೊಡ್ಡ ಪ್ರವಾಹಗಳ ನಂತರದ ಈ ಅಳತೆಗೆ ಮತ್ತು ಆಗ ಬೇಕಾಗುವ ಸಣ್ಣ ತಿದ್ದುಪಡಿಗೆ ಎತ್ತಿಟ್ಟು, ಪುಸ್ತಕವನ್ನು ಗ್ರಾಮ ಪಂಚಾಯಿತಿಯಲ್ಲಿಡಬೇಕು. ಬರೆಯುವವರ ಜೊತೆ ಆ ಕಾವಲಿನಲ್ಲಿ ದೇವರ ಎತ್ತು ಮೇಯಿಸುವ ಕಿಲಾರಿಯೊಬ್ಬರು ಇರಲೇಬೇಕು. ನೀರು ಯಾವ ವರ್ಷ ಯಾವ ಕಡೆ ಹೊರಳಿತ್ತೆಂಬುದು ಅವರಿಗೆ ಗೊತ್ತಿರುತ್ತದೆ.