ಹೇಳಿಸುವ ಆಟ

ನಮ್ಮ ಊರು ಧಾರವಾಡ. ಈಗಿನ ಮನೆ ಟೋಕಿಯೋದ ಎದೊಗಾವ ವಾರ್ಡಿನ ನಿಶಿಕಸಾಯಿಯಲ್ಲಿದೆ. ಭಾರತೀಯರು ಹೆಚ್ಚಾಗಿ ನೆಲೆಸಿರುವ ಬಡಾವಣೆ ಅದು. ರಾತ್ರಿ ಊಟವಾದ ಮೇಲೆ ಮಗಳು ಹಚ್ಚುವ ಅನಿಮೆ (ಜಪಾನಿ ಕಾರ್ಟೂನು) ಸರಣಿಗಳನ್ನು ಮೊದಮೊದಲು ನಾನು ಪತ್ರಿಕೆಯ ಮರೆಯಿಂದಲೇ ನೋಡುತ್ತಿದ್ದೆ. ಪತ್ರಿಕೆಯನ್ನು ಪಕ್ಕಕ್ಕಿಟ್ಟು ನೋಡುವಂತೆ ಮಾಡಿದ್ದು ‘ಕಾಗುಯಾ-ಸಾಮಾ ವಾ ಕೊಕುರಾಸೆತಾಯ್’ ಎಂಬ ಪ್ರೌಢಶಾಲೆಯ ಪ್ರೇಮಹಾಸ್ಯ.

ಅಕಾ ಅಕಾಸಾಕಾ 2015ರಲ್ಲಿ ಆರಂಭಿಸಿ 2022ರಲ್ಲಿ ಮುಗಿಸಿದ ಮಂಗಾ, ಅಂದರೆ ಜಪಾನಿ ಚಿತ್ರಕಥೆ, ಇದರ ಮೂಲ. ಎ-1 ಪಿಕ್ಚರ್ಸ್ ಸಂಸ್ಥೆಯ ಅನಿಮೆಯ ಮೂರು ಸರಣಿಗಳು 2019, 2020 ಮತ್ತು 2022ರಲ್ಲಿ ಬಂದವು. ಕಥೆಯ ತಿರುಳು ಇಷ್ಟೆ: ಹೆಚ್ಚಾಗಿ ಸಿರಿವಂತರ ಮಕ್ಕಳು ಓದುವ ಶೂಚಿಯಿನ್ ಶಾಲೆಯಲ್ಲಿ ಶಿರೊಗಾನೆ ವಿದ್ಯಾರ್ಥಿ ಸಂಘದ ಅಧ್ಯಕ್ಷ, ಶಿನೊಮಿಯಾ ಕಾಗುಯಾ ಉಪಾಧ್ಯಕ್ಷೆ. ಅವನು ಬಡವರ ಮನೆಯ ಹುಡುಗ, ನಿದ್ದೆಗೆಟ್ಟು ಓದಿ ತರಗತಿಗೆ ಮೊದಲಿಗನಾದವನು. ಅವಳು ದೇಶದ ದೊಡ್ಡ ಉದ್ಯಮಿಗಳ ಮನೆಯ ಮಗಳು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿದೆ, ಆದರೆ ಮೊದಲು ಬಾಯಿ ಬಿಟ್ಟವರು ಸೋತಂತೆ ಎಂದು ಇಬ್ಬರೂ ನಂಬಿದ್ದಾರೆ. ಆದ್ದರಿಂದ ತಾನು ಹೇಳದೆ ಎದುರಿನವರಿಂದ ಹೇಳಿಸುವುದಕ್ಕಾಗಿ ಸಿನಿಮಾ ಟಿಕೆಟು, ಮಳೆಗಾಲದ ಕೊಡೆ, ಫೋನ್ ನಂಬರು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಆಯುಧ ಮಾಡಿಕೊಳ್ಳುತ್ತಾರೆ. ಬಹುತೇಕ ಪ್ರಸಂಗಗಳ ಕೊನೆಗೆ ಕುಸ್ತಿಯ ಕಣದಲ್ಲಿ ಸಾರುವಂತೆ ಒಂದು ಗಂಭೀರ ದನಿ ಆ ದಿನದ ಸೋಲು ಗೆಲುವನ್ನು ಸಾರುತ್ತದೆ.

ಸರಣಿಯ ಹೆಸರನ್ನು ಇಂಗ್ಲಿಷಿನವರು ‘ಲವ್ ಈಸ್ ವಾರ್’ ಎಂದು ಬದಲಿಸಿಕೊಂಡರು. ಕನ್ನಡಕ್ಕೆ ಆ ಕಷ್ಟವಿಲ್ಲ. ‘ಕೊಕುಹಾಕು’ ಎಂದರೆ ಮನಸ್ಸಿನಲ್ಲಿದ್ದುದನ್ನು ಬಿಚ್ಚಿ ಹೇಳುವುದು. ಅದನ್ನು ಮೊಟಕು ಮಾಡಿ ಹುಡುಗರು ‘ಕೊಕುರು’ ಎಂಬ ಕ್ರಿಯಾಪದ ಮಾಡಿಕೊಂಡಿದ್ದಾರೆ, ಅದಕ್ಕೆ ಪ್ರೇರಣಾರ್ಥಕ ಪ್ರತ್ಯಯವನ್ನೂ ಆಸೆಯ ಪ್ರತ್ಯಯವನ್ನೂ ಹಚ್ಚಿದರೆ ‘ಕೊಕುರಾಸೆತಾಯ್’ ಆಗುತ್ತದೆ. ಮಾಡು-ಮಾಡಿಸು, ಹೇಳು-ಹೇಳಿಸು ಎಂದು ದಿನಬೆಳಗಾದರೆ ಆಡುವ ನಮಗೆ ಇದು ಒಂದೇ ಏಟಿಗೆ ತಿಳಿಯುವ ಹೆಸರು: ‘ಕಾಗುಯಾ ಅವರಿಗೆ ಹೇಳಿಸುವ ಆಸೆ’. ಸರಣಿಯ ಹಾಸ್ಯವೆಲ್ಲ ಆ ‘ಇಸು’ ಎಂಬ ಪ್ರತ್ಯಯದಲ್ಲೇ ಇದೆ.

ಹುಬ್ಬಳ್ಳಿಯ ಗೆಳೆಯನೊಬ್ಬನಿಗೆ ಇದನ್ನು ನೋಡಲು ಹೇಳಿದ್ದೆ. ನಾಲ್ಕು ಕಂತು ನೋಡಿ, “ಹೇಳಿಬಿಟ್ರ ಮುಗೀತಲ್ಲೊ, ಇದಕ್ಯಾಕ ಇಷ್ಟ ಗುದ್ದಾಟ?” ಎಂದು ಬೇಸರಪಟ್ಟ. ಅವನ ಬೇಸರ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಪ್ರೀತಿ ಶುರುವಾದ ದಿನ ಇಂಥದ್ದೆಂದು ಬೆರಳಿಟ್ಟು ತೋರಿಸುವಂತಿರುವುದಿಲ್ಲ. ಕಾಲೇಜಿನ ಬಸ್ಸಿನಲ್ಲಿ ಸೀಟು ಹಿಡಿದಿಟ್ಟದ್ದು, ನೋಟ್ಸ್ ಕೊಟ್ಟದ್ದು, ಮೂರನೆಯವರ ಬಾಯಲ್ಲಿ ಸುದ್ದಿ ಕಳಿಸಿದ್ದು, ಇವೆಲ್ಲ ಸೇರಿ ಯಾವಾಗಲೋ ಊರಿಗೆ ತಿಳಿದಿರುತ್ತದೆ, ಆಮೇಲೆ ಅವರಿಗೆ. ಬಾಯಿಬಿಟ್ಟು ಹೇಳಲೇಬೇಕಾದಾಗ ‘ಐ ಲವ್ ಯೂ’ ಎಂದು ಇಂಗ್ಲಿಷಿನ ಮರೆಗೆ ನಿಲ್ಲುತ್ತೇವೆ. ‘ಪ್ರೇಮ ನಿವೇದನೆ’ ಎಂಬ ಮಾತು ಪತ್ರಿಕೆಯ ತಲೆಬರಹಕ್ಕೆ ಮೀಸಲು. ಜಪಾನಿನಲ್ಲಿ ಹಾಗಲ್ಲ. ಇಲ್ಲಿಯ ಶಾಲಾ ಮಕ್ಕಳಿಗೆ ಕೊಕುಹಾಕು ಒಂದು ಹೊಸ್ತಿಲು. “ಸುಕಿ ದೆಸು, ತ್ಸುಕಿಯಾತ್ತೆ ಕುದಸಾಯ್”, ಅಂದರೆ ‘ಇಷ್ಟ, ನನ್ನ ಜೊತೆಯಾಗಿರಿ’, ಎಂದು ಒಬ್ಬರು ಕೇಳಿ ಇನ್ನೊಬ್ಬರು ಒಪ್ಪಿದ ದಿನದಿಂದ ಅವರು ಜೋಡಿ; ಅದರ ಹಿಂದಿನ ದಿನದವರೆಗೆ ಎಷ್ಟು ಸಲ ಜೊತೆಗೆ ತಿರುಗಾಡಿದ್ದರೂ ಅಲ್ಲ. ‘ಸುಕಿ ದೆಸು’ ಎಂಬುದರಲ್ಲಿ ‘ನಾನು’ ಇಲ್ಲ, ‘ನೀನು’ ಇಲ್ಲ, ಬರಿಯ ‘ಇಷ್ಟ’ ಇದೆ. ಅಷ್ಟು ಚಿಕ್ಕ ಮಾತು ಅಷ್ಟು ದೊಡ್ಡ ಬಾಗಿಲನ್ನು ತೆರೆಯುವುದರಿಂದಲೇ ಅದನ್ನು ಹೇಳಲು ಅಷ್ಟು ಅಂಜಿಕೆ.

ಮಾತಿನ ವಿಧಿ ಎಷ್ಟು ಗಟ್ಟಿ ಎಂಬುದಕ್ಕೆ ಎರಡನೆಯ ಸರಣಿಯ ಚಂದ್ರದರ್ಶನದ ಪ್ರಸಂಗವನ್ನು ನೋಡಬೇಕು. ಶರತ್ಕಾಲದ ರಾತ್ರಿ ಶಾಲೆಯ ತಾರಸಿಯ ಮೇಲೆ ಶಿರೊಗಾನೆಯಿಂದ ಏನಾದರೂ ಹೇಳಿಸಬೇಕೆಂದು ಕಾಗುಯಾ ಬಲೆ ಬೀಸುತ್ತಾಳೆ. ಅವನೋ ನಕ್ಷತ್ರಗಳ ಹುಚ್ಚಿನಲ್ಲಿ ಲೋಕವನ್ನೇ ಮರೆತಿದ್ದಾನೆ. ಚಂದ್ರನನ್ನು ನೋಡುತ್ತ ಅವನಿಗೆ ಬಿದಿರು ಕಡಿಯುವವನ ಹಳೆಯ ಕಥೆ ನೆನಪಾಗುತ್ತದೆ: ಬಿದಿರಿನಲ್ಲಿ ಸಿಕ್ಕ ಕಾಗುಯಾ ಎಂಬ ರಾಜಕುಮಾರಿ ಐವರು ವರರಿಗೆ ತರಲಾಗದ ವಸ್ತುಗಳನ್ನು ತರಹೇಳಿ ಸೋಲಿಸುತ್ತಾಳೆ, ಕೊನೆಗೆ ಚಂದ್ರಲೋಕಕ್ಕೆ ಹೊರಟುಹೋಗುತ್ತಾಳೆ, ಅವಳು ಬಿಟ್ಟುಹೋದ ಅಮೃತವನ್ನು ಚಕ್ರವರ್ತಿ ಬೆಟ್ಟದ ತುದಿಯಲ್ಲಿ ಸುಡಿಸುತ್ತಾನೆ. ತಾನಾಗಿದ್ದರೆ ಕಾಗುಯಾಳನ್ನು ಬಿಟ್ಟುಕೊಡುತ್ತಿರಲಿಲ್ಲ, ಎಷ್ಟು ವರ್ಷವಾದರೂ ಹೋಗಿ ಕರೆತರುತ್ತಿದ್ದೆ ಎನ್ನುತ್ತಾನೆ ಶಿರೊಗಾನೆ, ಪಕ್ಕದಲ್ಲಿ ಅದೇ ಹೆಸರಿನ ಹುಡುಗಿ ಕೆಂಪೇರಿರುವುದರ ಅರಿವೇ ಇಲ್ಲದೆ. ಕನ್ನಡದ ಪ್ರೇಕ್ಷಕನಿಗೆ ಇದಕ್ಕಿಂತ ಹೆಚ್ಚಿನ ಪ್ರೇಮ ನಿವೇದನೆ ಬೇಕಾಗಿಲ್ಲ. ಆದರೆ ಆ ಆಟದ ಲೆಕ್ಕದಲ್ಲಿ ಇದು ಕೊಕುಹಾಕು ಅಲ್ಲವೇ ಅಲ್ಲ. ಮರುದಿನ ಸಮರ ಮೊದಲಿನಂತೆಯೇ ಮುಂದುವರಿಯುತ್ತದೆ. (ನಡುನಡುವೆ ನಿರೂಪಕ ಎಲ್ಲವನ್ನೂ ಬಿಡಿಸಿ ಹೇಳುವ ಚಟ ನನಗೆ ಕಿರಿಕಿರಿ. ಈ ಪ್ರಸಂಗದಲ್ಲಾದರೂ ಅವನು ಸುಮ್ಮನಿರಬಾರದಿತ್ತೇ ಅನ್ನಿಸಿತು.)

ಇನ್ನು ಹೆಸರಿನ ಮಾತು. ಕಾಗುಯಾ ಅವನನ್ನು ಯಾವಾಗಲೂ ‘ಕೈಚೋ’ ಎನ್ನುತ್ತಾಳೆ, ಅಂದರೆ ‘ಅಧ್ಯಕ್ಷರೇ’. ಅವಳ ಮಾತಿನ ಧಾಟಿ ಬಹುವಚನದ್ದು. ಅವನು ಅವಳನ್ನು ‘ಶಿನೊಮಿಯಾ’ ಎಂದು ಮನೆತನದ ಹೆಸರಿನಿಂದ ಕರೆಯುತ್ತಾನೆ. ಜಪಾನಿನಲ್ಲಿ ಮನೆತನದ ಹೆಸರನ್ನು ಬಿಟ್ಟು ಇಟ್ಟ ಹೆಸರಿನಿಂದ ಕರೆಯುವುದೇ ಸಲಿಗೆಯ ದೊಡ್ಡ ಮೆಟ್ಟಿಲು, ಪ್ರೇಮಹಾಸ್ಯಗಳಲ್ಲಿ ಆ ಮೆಟ್ಟಿಲಿಗೇ ಒಂದು ಕಂತು ಹಿಡಿಯುವುದುಂಟು. ಇದನ್ನು ಮಗಳಿಗೆ ವಿವರಿಸಲು ಹೊರಟಾಗ ಅವಳು ನನ್ನನ್ನೇ ಕೇಳಿದಳು: “ಹಂಗಾದ್ರ ಅವ್ವ ನಿನ್ನ ಹೆಸರ ಹಿಡದು ಯಾಕ ಕರಿಯಂಗಿಲ್ಲ?”

ಮದುವೆಯಾಗಿ ಹದಿನಾರು ವರ್ಷವಾದರೂ ನನ್ನ ಹೆಂಡತಿಗೆ ನಾನು ‘ಏನ್ರೀ’. ಅವಳ ಬಾಯಲ್ಲಿ ನನ್ನ ಹೆಸರು ಬಂದದ್ದು ಮದುವೆಯ ದಿನ ಒಡಪು ಹೇಳುವಾಗ ಮಾತ್ರ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಹೆಣ್ಣು ಗಂಡನ ಹೆಸರನ್ನೂ ಗಂಡು ಹೆಂಡತಿಯ ಹೆಸರನ್ನೂ ಪ್ರಾಸಬದ್ಧವಾದ ಒಡಪಿನಲ್ಲಿ ಇಟ್ಟು ಹೇಳಬೇಕು. ಬೆಳ್ಳಿಯ ಬಟ್ಟಲೋ ಮಲ್ಲಿಗೆಯ ಮಾಲೆಯೋ ಮೊದಲು ಬಂದು, ಹೆಸರು ಕೊನೆಗೆ ಬರುತ್ತದೆ. ಸುತ್ತ ಅತ್ತೆಯರು, ನಾದಿನಿಯರು, ಚಿಕ್ಕಮ್ಮಂದಿರು ಬಾಗಿಲಿಗೆ ಅಡ್ಡ ನಿಂತಿರುತ್ತಾರೆ. ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೇ ನಿಲ್ಲಬೇಕು. ಹುಡುಗಿ ಗುಣುಗುಣು ಎಂದರೆ “ಕೇಳಲಿಲ್ಲ, ಜೋರಾಗಿ” ಎಂದು ಮತ್ತೆ ಹೇಳಿಸುತ್ತಾರೆ. ಗಮನಿಸಿ, ಇಲ್ಲಿಯೂ ಕ್ರಿಯಾಪದ ‘ಹೇಳಿಸು’ ಎಂಬುದೇ.

ನಾಚಿಕೆ ಎರಡು ಕಡೆಯೂ ಒಂದೇ, ಅದನ್ನು ಇಟ್ಟುಕೊಂಡ ಜಾಗ ಬೇರೆ. ಜಪಾನಿನ ಹುಡುಗ ಹುಡುಗಿ ಅದನ್ನು ಮದುವೆಗೆ ಎಷ್ಟೋ ವರ್ಷ ಮೊದಲು, ಸಂಘದ ಕೋಣೆಯಲ್ಲಿ, ತಾವಿಬ್ಬರೇ ಎದುರಿಸಬೇಕು. ಕಾಗುಯಾಳ ತಂದೆ ಕಥೆಯಲ್ಲಿ ಬರೀ ನೆರಳು. ಶಿರೊಗಾನೆಯ ತಂದೆ ಬರುವುದು ನಗಿಸುವುದಕ್ಕೆ. ಇದೇ ಜೋಡಿ ಧಾರವಾಡದಲ್ಲಿ ಹುಟ್ಟಿದ್ದರೆ ಎರಡನೆಯ ಕಂತಿಗೇ ಸೋದರಮಾವ ಬಂದು ಅಂತಸ್ತಿನ ಮಾತೆತ್ತುತ್ತಿದ್ದ, ಮೂರನೆಯದಕ್ಕೆ ಜಾತಕ ಬರುತ್ತಿತ್ತು. ನಮ್ಮಲ್ಲಿ ನಿರ್ಧಾರದ ಭಾರವನ್ನು ನೆಂಟರು ಹೊರುತ್ತಾರೆ. ನಾಚಿಕೆಯನ್ನು ಮದುವೆಯ ಮನೆಗೆ ಉಳಿಸಿ, ನೂರು ಜನರ ನಡುವೆ ನಗೆಯಾಗಿ ಕರಗಿಸುತ್ತಾರೆ. ಯಾವುದು ಮೇಲೆಂದು ಕೇಳಿದರೆ, ಹದಿನೇಳರ ಮಕ್ಕಳ ಹೆಗಲಿಗೆ ಅಷ್ಟು ಭಾರ ಹೊರಿಸದ ನಮ್ಮ ಪದ್ಧತಿಯೇ ಹಗುರ ಎಂದು ಹಿಂದೆ ಹೇಳುತ್ತಿದ್ದೆ. ಆ ಹಗುರಕ್ಕಾಗಿ ಎಷ್ಟು ಮಂದಿ ತಮ್ಮ ಆಯ್ಕೆಯನ್ನೇ ಬಿಟ್ಟುಕೊಟ್ಟಿದ್ದಾರೆಂದು ನೆನೆದಾಗ, ಈಗ ಅಷ್ಟು ಧೈರ್ಯವಾಗಿ ಹೇಳಲಾರೆ.

ಮೂರು ಸರಣಿಗಳ 37 ಕಂತುಗಳಾದ ಮೇಲೆ, ಶಾಲೆಯ ಉತ್ಸವದ ರಾತ್ರಿ ಶಿರೊಗಾನೆ ತಾನು ಸೇರಲಿರುವ ಅಮೆರಿಕದ ವಿಶ್ವವಿದ್ಯಾಲಯ ಸ್ಟ್ಯಾನ್‌ಫರ್ಡ್‌ಗೆ ನೀನೂ ಬಾ ಎನ್ನುತ್ತಾನೆ. ಕಾಗುಯಾ ಮುತ್ತಿನಲ್ಲಿ ಉತ್ತರಿಸುತ್ತಾಳೆ. ಅಷ್ಟೆಲ್ಲ ಹೇಳಿಸಲು ಹೋದವರು ಆ ಪುಟ್ಟ ‘ಸುಕಿ’ಯನ್ನು ಹೇಳದೆ ಸುತ್ತಿ ಬಳಸಿಯೇ ಹೋದರು.

ಈಚೆಗೆ ಕಚೇರಿಯ ಜಪಾನಿ ಸಹೋದ್ಯೋಗಿಯೊಬ್ಬರಿಗೆ ಒಡಪಿನ ಪದ್ಧತಿಯನ್ನು ವಿವರಿಸಿದೆ. ಅವರೂ ಈ ಸರಣಿಯನ್ನು ನೋಡಿದವರೇ. ಬಹಳ ಹೊತ್ತು ಯೋಚಿಸಿ, ಹಾಗಾದರೆ ಕೊನೆಗೆ ಗೆದ್ದವರು ಯಾರೆಂದು ಸಾರುತ್ತಾರೆಯೇ ಎಂದು ಕೇಳಿದರು. ಬಾಗಿಲಿಗೆ ಅಡ್ಡ ನಿಂತ ಅತ್ತೆಯರು ಎಂದೆ.