ಪ್ಯಾಲೇಸ್ ವ್ಯೂ ಇದೆ ಸಾರ್, ಸ್ವಲ್ಪ ಬಗ್ಗಿ ನೋಡ್ಬೇಕು

ನಮ್ಮ ಕಡೆ ಹೋಟೆಲ್ ಅಂದ್ರೆ ಇಡ್ಲಿ ವಡೆ ಸಿಗೋ ಜಾಗ, ಮಲಗೋಕೆ ಲಾಡ್ಜು. ಲೆಕ್ಕ ಇಷ್ಟೇ ಇತ್ತು. ಈಗ ಲಾಡ್ಜ್ ಅನ್ನೋ ಪದಾನೇ ಯಾರಿಗೂ ಬೇಡ, ಅದೇ ಬಿಲ್ಡಿಂಗು, ಅದೇ ಮೆಟ್ಟಿಲು, ಮೆಟ್ಟಿಲ ತಿರುವಲ್ಲಿ ಅದೇ ಎಲೆ ಅಡಿಕೆ ಉಗಿದ ಕೆಂಪು, ಹೆಸರು ಮಾತ್ರ ಮೊದ್ಲು ಕಂಫರ್ಟ್ಸ್ ಆಯ್ತು, ಆಮೇಲೆ ರೆಸಿಡೆನ್ಸಿ ಆಯ್ತು, ಈಗ ಸೂಟ್ಸ್ ಆಗಿದೆ. ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೂ ಗತಿ ಇಲ್ಲ ಅಂತಾರಲ್ಲ, ಆ ಕ್ಷೀರಸಾಗರದಲ್ಲಿ 2025ರ ಮೈಸೂರು ದಸರಾಗೆ ನಾವು ಒಂದು ರಾತ್ರಿ ಈಜಿ ಬಂದ್ವಿ.

ಜಂಬೂಸವಾರಿ ದಿನದ ಜನಜಂಗುಳಿ ಬೇಡ, ಅದರ ಹಿಂದಿನ ಶನಿವಾರ ಹೋಗಿ ಲೈಟಿಂಗ್ ನೋಡ್ಕೊಂಡು ಭಾನುವಾರ ವಾಪಸ್ ಬಂದುಬಿಡೋಣ ಅಂತ ನಮ್ಮನೆಯವಳ ಪ್ಲಾನು. ಆಗಸ್ಟಲ್ಲಿ ಆ್ಯಪಲ್ಲಿ ನೋಡಿದಾಗ ರೂಮು 1,800 ರೂಪಾಯಿ ಇತ್ತು, ಸಂಬಳ ಆಗ್ಲಿ ಅಂತ ಕಾದೆ, ತಪ್ಪು ನಂದೇ. ಅಷ್ಟರಲ್ಲಿ ಸೆಪ್ಟೆಂಬರ್ 22ಕ್ಕೆ ಹೋಟೆಲ್ ರೂಮಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯುತ್ತೆ ಅಂತ ಟೀವಿಯವರು ಕುಣಿದಾಡಿದ್ರು, ನಾನೂ ಕುಣಿದೆ. ಅದೇ 22ನೇ ತಾರೀಕು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ. ತೆರಿಗೆ ಇಳಿಯೋದಕ್ಕೂ ಹಬ್ಬದ ರೇಟ್ ಏರೋದಕ್ಕೂ ಎಂಥಾ ಮುಹೂರ್ತ ಕೂಡಿ ಬಂತು ನೋಡಿ. ಅದೇ ರೂಮು 5,400 ಆಗಿತ್ತು. ಹಳೇ ರೇಟಿಗೆ ಹಳೇ ತೆರಿಗೆ 216 ರೂಪಾಯಿ ಆಗ್ತಿತ್ತು, ಹೊಸ ರೇಟಿಗೆ ಕಮ್ಮಿ ಆದ ತೆರಿಗೆ 270. ಇಳಿದ ತೆರಿಗೆನೂ ಐವತ್ನಾಲ್ಕು ರೂಪಾಯಿ ಜಾಸ್ತಿ ಕಟ್ಟಿದ ಭಾಗ್ಯವಂತ ನಾನು.

ಫೋನ್ ಮಾಡಿ ಕೇಳಿದೆ, ಏನ್ರೀ ಮೂರು ಪಟ್ಟು ಅಂತ. ಪ್ಯಾಲೇಸ್ ವ್ಯೂ ಸಾರ್ ಅಂದ ಹುಡುಗ. ಆಗಸ್ಟಲ್ಲಿ ಇರಲಿಲ್ವಾ ವ್ಯೂ? ಇತ್ತು ಸಾರ್, ಆಗ ಲೈಟ್ ಇರಲಿಲ್ಲ.

ವಾದ ಮಾಡೋಕೆ ಆಗಲ್ಲ ಅಲ್ವಾ ಇದಕ್ಕೆ. ಲಕ್ಷದ ಹತ್ತಿರ ಬಲ್ಬು ಅರಮನೆಯವರದ್ದು, ಬೀದಿ ದೀಪಾಲಂಕಾರ ಕರೆಂಟ್ ಕಂಪನಿ ಸೆಸ್ಕಿನವರದ್ದು, ಆನೆ ಅರಣ್ಯ ಇಲಾಖೆಯದ್ದು, ಬಾಡಿಗೆ ಮಾತ್ರ ಇವರದ್ದು.

ರಿಸೆಪ್ಷನ್ ಅನ್ನೋದು ಮೆಟ್ಟಿಲ ಕೆಳಗಿನ ಜಾಗ. ಕೂತಿದ್ದ ಹುಡುಗ ನಾಲ್ಕು ಜನದ್ದೂ ಆಧಾರ್ ಕೇಳ್ದ. ಎರಡನೇ ಕ್ಲಾಸಲ್ಲಿ ಓದೋ ನನ್ನ ಮಗನದ್ದೂ ಬೇಕಂತೆ, ಮುಂದೆ ಹಿಂದೆ ಎರಡೂ ಕಡೆ. ನಂಬರ್ ಮರೆಮಾಡಿದ ಮಾಸ್ಕ್ಡ್ ಆಧಾರ್ ಇದೆ ಕಣಪ್ಪ, ಇಂಥದ್ದಕ್ಕೇ ಅಂತ ಸರ್ಕಾರಾನೇ ಕೊಟ್ಟಿರೋದು ಅಂದೆ, ನಂಬರ್ ಕಾಣ್ತಿಲ್ವಲ್ಲ ಸಾರ್ ಅಂದ. ಕೊನೆಗೆ ನನ್ನ ವಾಟ್ಸಾಪಿಗೆ ಹಾಕಿ ಸಾರ್ ಅಂದ, ಕಂಪನಿ ನಂಬರ್ ಅಲ್ಲ, ಅವನದ್ದೇ ನಂಬರು, ಡಿಪಿಯಲ್ಲಿ ಬುಲೆಟ್ ಮೇಲೆ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಕೂತಿದಾನೆ. ನಮ್ಮ ಇಡೀ ವಂಶದ ಗುರುತಿನ ಚೀಟಿ ಈಗ ಆ ಬುಲೆಟ್ ಸವಾರನ ಗ್ಯಾಲರಿಯಲ್ಲಿ ಗುಡ್ ಮಾರ್ನಿಂಗ್ ಮೆಸೇಜುಗಳ ಮಧ್ಯೆ ಸುರಕ್ಷಿತವಾಗಿದೆ.

ಇಷ್ಟಾದ ಮೇಲೂ ರಿಜಿಸ್ಟರ್ ಬರೀಬೇಕು. ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗ್ತೀರಿ, ಉದ್ದೇಶ, ಸಂಬಂಧ. ಉದ್ದೇಶದ ಕಾಲಮ್ಮಲ್ಲಿ ಪುಟಪೂರ್ತಿ ಡಿಟೋ ಡಿಟೋ ಡಿಟೋ, ನಾನೂ ಕೈ ಓಡಿದ ಹಾಗೆ ಡಿಟೋ ಹಾಕಿ ಸೈನ್ ಮಾಡ್ದೆ. ಆಮೇಲೆ ಮೇಲಕ್ಕೆ ನೋಡ್ಕೊಂಡು ಹೋದ್ರೆ ಮೊದಲನೇ ಸಾಲಲ್ಲಿ ಯಾವನೋ ಪುಣ್ಯಾತ್ಮ 'ಆಸ್ತಿ ವ್ಯಾಜ್ಯ' ಅಂತ ಬರ್ದಿದಾನೆ. ಅವತ್ತು ಆ ಲಾಡ್ಜಲ್ಲಿ ಇದ್ದ ಹದಿನೇಳು ಸಂಸಾರಾನೂ ಆಸ್ತಿ ವ್ಯಾಜ್ಯಕ್ಕೇ ಮೈಸೂರಿಗೆ ಬಂದಿದ್ವು.

ಕೌಂಟರ್ ಹಿಂದೆ ದರಪಟ್ಟಿ ಬೋರ್ಡು ಇದೆ, ಇಲ್ಲ ಅನ್ನಂಗಿಲ್ಲ, ಅದರ ಮೇಲೆ ಅಂಬಾರಿ ಹೊತ್ತ ಆನೆಯ ಪೋಸ್ಟರ್ ಅಂಟಿಸಿದಾರೆ ಅಷ್ಟೇ. ಬ್ರಿಟಿಷರು 1867ರಲ್ಲಿ ಸರಾಯ್, ಅಂದ್ರೆ ಛತ್ರಗಳ ಕಾಯ್ದೆ ಅಂತ ಮಾಡಿದ್ರಲ್ಲ, ಅದರಲ್ಲೇ ದರಪಟ್ಟಿ ಎಲ್ಲರಿಗೂ ಕಾಣೋ ಹಾಗೆ ಹಾಕ್ಬೇಕು, ಯಾವ ಭಾಷೆಯಲ್ಲಿ ಅಂತ ಜಿಲ್ಲಾ ಮ್ಯಾಜಿಸ್ಟ್ರೇಟ್ ಹೇಳ್ಬೇಕು ಅಂತ ಬರೆದಿದ್ರು. 750 ಕೆಜಿ ಅಂಬಾರಿ ದರಪಟ್ಟಿ ಮೇಲೆ ಬಂದು ಕೂರುತ್ತೆ ಅಂತ ಪಾಪ ಅವರಿಗೇನು ಗೊತ್ತು.

ರೂಮಿಗೆ ಹೋದ್ವಿ. ಬಾಗಿಲು ಪೂರ್ತಿ ತೆಗೆದ್ರೆ ಮಂಚಕ್ಕೆ ತಾಗುತ್ತೆ, ಹಾಗಾಗಿ ಒಬ್ಬೊಬ್ಬರೇ ಓರೆಯಾಗಿ ಒಳಗೆ. ಡೀಲಕ್ಸ್ ಅಂತ ಬಾಗಿಲ ಮೇಲಿತ್ತು. ಗೋಡೆಗೆ ಒಂದು ಲ್ಯಾಮಿನೇಷನ್ ಕಾರ್ಡು, ಟವೆಲ್ ಕಲೆ 200, ಬೆಡ್‌ಶೀಟ್ ಕಲೆ 500, ರಿಮೋಟ್ ಕಳೆದ್ರೆ 750, ಮೆಹಂದಿ ಕಲೆ ಆದ್ರೆ ಪ್ರತ್ಯೇಕ. ಬೋರ್ಡಿನ ಮೇಲೆ ಕಾಣದ ದರಪಟ್ಟಿ ಇಲ್ಲಿ ಸ್ಪಷ್ಟವಾಗಿ ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಇತ್ತು.

ಅದನ್ನ ಓದಿದ್ದೇ ನಮ್ಮನೆಯವಳು ಬ್ಯಾಗ್ ಕೆಳಗಿಡೋಕೂ ಬಿಡಲಿಲ್ಲ. 'ರೀ, ಮೊದ್ಲು ಫೋಟೋ ತೆಗೀರಿ, ಆಮೇಲೆ ನಮ್ ತಲೆಗೆ ಕಟ್ತಾರೆ.' ಸರಿ, ಮಹಜರು ಶುರು. ಬೆಡ್‌ಶೀಟ್ ಎತ್ತಿ ಹಿಡಿದ್ಲು, ಮಧ್ಯದಲ್ಲಿ ಟೀ ಬಣ್ಣದ ಕಲೆ, ಪಕ್ಕ ಗಾತ್ರ ಗೊತ್ತಾಗ್ಲಿ ಅಂತ ಐದು ರೂಪಾಯಿ ನಾಣ್ಯ ಇಟ್ಟು ಕ್ಲಿಕ್ಕು. ದಿಂಬಲ್ಲಿ ಎರಡು. ಟವೆಲ್ಲಿನ ಅಂಚಲ್ಲಿ ಯಾರದ್ದೋ ತಲೆಗೂದಲ ಡೈ. ಕನ್ನಡಿ ಮೇಲೆ ಬಿಂದಿ, ಮೆರೂನ್ ಒಂದು, ಕಪ್ಪು ಒಂದು. ಮಗಳು ನೋಟ್‌ಬುಕ್ಕಲ್ಲಿ ನಂಬರ್ ಹಾಕಿ ಬರ್ಕೊಂಡ್ಲು, ಒಟ್ಟು ಹನ್ನೊಂದು ಕಲೆ. ಕಾರ್ಡಿನ ರೇಟ್ ಪ್ರಕಾರ ಹಿಂದಿನ ಗಿರಾಕಿಗಳು ಈ ರೂಮಿಗೆ ಮೂರು ಸಾವಿರದ ಮೇಲೆ ಬಾಕಿ.

ವ್ಯೂ? ಕಿಟಕಿ ತೆಗೆದ್ರೆ ಎರಡಡಿ ದೂರದಲ್ಲಿ ಪಕ್ಕದ ಬಿಲ್ಡಿಂಗಿನ ಗೋಡೆ, ಮೇಲೊಂದು ಕಪ್ಪು ಸಿಂಟೆಕ್ಸ್ ಟ್ಯಾಂಕು. ಹುಡುಗನ್ನ ಕರೆದೆ. ಬಂದವನು ಚಪ್ಪಲಿ ಬಿಟ್ಟು ಸ್ಟೂಲ್ ಹತ್ತಿ ಕತ್ತು ಹೊರಗೆ ಹಾಕಿ, ಎಡಗಡೆ ಬಗ್ಗಿ ನೋಡಿ ಸಾರ್, ಟ್ಯಾಂಕಿಗೂ ಆ ಕೇಬಲ್ಲಿಗೂ ಮಧ್ಯ ಅಂದ. ನಾನು ಹತ್ತಿದೆ, ಬಗ್ಗಿದೆ, ಇವಳು ಪ್ಯಾಂಟಿನ ಬೆಲ್ಟ್ ಹಿಡ್ಕೊಂಡ್ಲು, ಏನೂ ಕಾಣಲಿಲ್ಲ. ಏಳು ಗಂಟೆಗೆ ಕಾಣತ್ತೆ ಸಾರ್ ಅಂದ. ಏಳು ಗಂಟೆಗೆ ಅರಮನೆಯ ಬಲ್ಬೆಲ್ಲ ಹತ್ತಿದಾಗ ಕಂಡಿತು ಮಾರಾಯ್ರೆ, ಸುಳ್ಳು ಹೇಳಬಾರ್ದು, ಸಿಂಟೆಕ್ಸ್ ಟ್ಯಾಂಕಿನ ಒಂದು ಬದಿ ತಿಳಿ ಬಂಗಾರದ ಬಣ್ಣಕ್ಕೆ ತಿರುಗ್ತು. ಮಗ ಚಪ್ಪಾಳೆ ತಟ್ದ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟು ಹೋದ ಮೇಲೆ ಹೆನ್ರಿ ಇರ್ವಿನ್ ಪ್ಲಾನ್ ಹಾಕಿ 1912ಕ್ಕೆ ಮುಗಿಸಿದ ಕಟ್ಟಡದ ಬೆಳಕು ನಮ್ಮ ಪಾಲಿಗೆ ಸಾವಿರ ಲೀಟರ್ ನೀರಿನ ಟ್ಯಾಂಕಿನ ಮೇಲೆ ಬಿತ್ತು. ಆಮೇಲೆ ಎಲ್ಲರೂ ಚಪ್ಪಲಿ ಹಾಕ್ಕೊಂಡು ರಸ್ತೆಗಿಳಿದು, ಊರಿನವರೆಲ್ಲ ನೋಡೋ ಹಾಗೆ ಪುಕ್ಕಟೆ ನೋಡಿ ಬಂದ್ವಿ.

ಬಿಸಿನೀರು ಬೆಳಗ್ಗೆ ಆರರಿಂದ ಎಂಟು. ಹತ್ತು ನಿಮಿಷ ನಲ್ಲಿ ಬಿಟ್ಟಿರಿ ಸಾರ್ ಬರತ್ತೆ ಅಂದ್ರು, ಬಿಟ್ಟೆ, ಇಪ್ಪತ್ತು ನಿಮಿಷ ಬಿಟ್ಟೆ, ಆ ವರ್ಷ ಕೆಆರ್‌ಎಸ್ 124.80 ಅಡಿ ತುಂಬಿತ್ತು ಅಂತ ಧೈರ್ಯ, ಇಲ್ಲಾಂದ್ರೆ ನನ್ನ ಬಾತ್‌ರೂಮಿನ ವಿಷಯ ಕಾವೇರಿ ಪ್ರಾಧಿಕಾರದ ಮುಂದೆ ಹೋಗ್ತಿತ್ತು.

ತಿಂಡಿ ಕಾಂಪ್ಲಿಮೆಂಟರಿ. ಹೊರಗಡೆ ಎರಡು ಹೆಜ್ಜೆ ಇಟ್ರೆ ಮೈಸೂರು, ಬೆಣ್ಣೆ ಹಾಕಿದ ದೋಸೆ ಹೆಂಚಿನ ಮೇಲೆ ಸುಂಯ್ ಅಂತಿದೆ, ನಾವು ಒಳಗೆ ಬೇಸ್‌ಮೆಂಟಲ್ಲಿ ಕ್ಯೂ ನಿಂತು ಅಂಟಂಟು ಉಪ್ಪಿಟ್ಟು, ಟೋಸ್ಟರಿಂದ ಹೊರಗೆ ಬಂದ್ರೂ ಬಿಸಿ ಆಗದ ಬ್ರೆಡ್ಡು ತಿಂದ್ವಿ. ಯಾರೂ ಬಲವಂತ ಮಾಡಿರಲಿಲ್ಲ. ಫ್ರೀ ಇದ್ಯಲ್ಲ ಅಂತ ನಾನೇ ಎರಡು ಸಲ ಹಾಕಿಸ್ಕೊಂಡೆ, ನನ್ನ ಬಗ್ಗೆ ಯಾರಾದ್ರೂ ಬೇರೆ ಅಂಕಣ ಬರೀಬೇಕು.

ಹನ್ನೊಂದಕ್ಕೆ ಚೆಕ್‌ಔಟ್. ಬಂದಿದ್ದು ಮಧ್ಯಾಹ್ನ ಒಂದಕ್ಕೆ. ಭೂಮಿ ಒಂದು ಸುತ್ತು ತಿರುಗೋಕೆ 24 ತಾಸು ತಗೊಳತ್ತೆ, ಇವರ ಒಂದು ದಿನ 22 ತಾಸಿಗೆ ಮುಗಿಯುತ್ತೆ. ನಮ್ಮಪ್ಪ ಬೆಂಗಳೂರಿಗೆ ಬಂದಾಗೆಲ್ಲ ರೈಲ್ವೆ ಸ್ಟೇಷನ್ ಎದುರಿನ ಗುಬ್ಬಿ ತೋಟದಪ್ಪನವರ ಛತ್ರದಲ್ಲೇ ಇಳ್ಕೊಳ್ತಿದ್ರು. ಅಲ್ಲಿ ವ್ಯೂ ಅಂತ ಕೇಳಿದ್ರೆ ಎದುರಿಗೆ ರೈಲು ಕಾಣತ್ತಲ್ಲ ಅಂತಿದ್ರೋ ಏನೋ, ಅದಕ್ಕೆ ದುಡ್ಡಂತೂ ತಗೊಳ್ತಿರಲಿಲ್ಲ.

ಹೊರಡೋವಾಗ ಬುಲೆಟ್ ಸವಾರ ಕೌಂಟರಿಂದ ಎದ್ದು ಬಂದ. ನಾನು ಹನ್ನೊಂದು ಕಲೆಯ ಫೋಟೋ ರೆಡಿ ಇಟ್ಕೊಂಡಿದ್ದೆ. ಅವನು ಕಲೆ ಸುದ್ದಿಗೇ ಬರಲಿಲ್ಲ, ಫೋನ್ ಮುಂದೆ ಹಿಡಿದು, ಸಾರ್ ಒಂದು ಫೈವ್ ಸ್ಟಾರ್ ಹಾಕ್ಬಿಡಿ ಸಾರ್, ಕಮ್ಮಿ ಬಂದ್ರೆ ಓನರ್ ನನ್ನ ಸಂಬಳದಲ್ಲಿ ಹಿಡೀತಾರೆ ಅಂದ. ರಾತ್ರಿ ಎರಡಕ್ಕೆ ಮಗನಿಗೆ ವಾಂತಿ ಆದಾಗ ಎಲ್ಲಿಂದಲೋ ನಿಂಬೆಹಣ್ಣು ತಂದುಕೊಟ್ಟವನೂ ಅವನೇ, ಅದನ್ನ ಹೇಳೋಕೆ ಮರೆತಿದ್ದೆ. ಕೊಡಿ ರೀ ಪಾಪ ಅಂದ್ಲು ಇವಳು. ಕೊಟ್ಟೆ, ಐದಕ್ಕೆ ಐದು. ಏನಾದ್ರೂ ಎರಡು ಪದ ಬರೀರಿ ಸಾರ್ ಅಂದ, 'ನೈಸ್ ವ್ಯೂ' ಅಂತ ಬರ್ದೆ. ಆಗಸ್ಟಲ್ಲಿ ಆ್ಯಪ್ ನೋಡ್ತಾ ಕೂತಿದ್ದಾಗ ನಾಲ್ಕೈದು ಜನ ಇದೇ ಎರಡು ಪದ ಬರೆದಿದ್ದು ಆಗ ನೆನಪಾಯ್ತು.

ಫೋಟೋನೂ ಒಂದು ಹಾಕಿ ಸಾರ್ ಅಂದ. ಗ್ಯಾಲರಿ ತೆಗೆದೆ, ಹನ್ನೊಂದು ಕಲೆ ದಾಟಿ ಆ ಕಡೆ ಹೋದೆ, ರಾತ್ರಿ ರಸ್ತೆಯಲ್ಲಿ ನಿಂತು ತೆಗೆದ ಅರಮನೆಯ ಫೋಟೋ ಸಿಕ್ತು, ಪೂರ್ತಿ ಝಗಝಗ. ಅದನ್ನೇ ಹಾಕಿದೆ.